ಮಾವನ ಎರಡು ಟ್ರಾನ್ಸ್‌ಮಿಟರ್

ನಮ್ಮ ಮನೆಯ ಫ್ರಿಡ್ಜಿನ ಬಾಗಿಲ ಮೇಲೆ ಒಂದು ಚೀಟಿ ಇದೆ. ಕೈಬರಹ ನನ್ನದು, ಅಂಟಿಸಿದ್ದು ಸೆಲೋಟೇಪಿನಲ್ಲಿ. ಮೊದಲು ಆ ಜಾಗದಲ್ಲಿ ಒಂದು ಗಿಳಿ, ಒಂದು ಮೈಸೂರು ಅರಮನೆ, ಒಂದು ಇಡ್ಲಿ ತಟ್ಟೆ ಹೀಗೆ ಮೂರು ಆಯಸ್ಕಾಂತದ ಗೊಂಬೆಗಳಿದ್ದವು. ಮಾವನಿಗೆ ಪೇಸ್‌ಮೇಕರ್ ಹಾಕಿಸಿ ಮನೆಗೆ ಕರೆತಂದ ದಿನವೇ, ಅದರ ಹತ್ತಿರ ಆಯಸ್ಕಾಂತ ಇರಬಾರದೆಂದು, ಅವನ್ನು ಕಿತ್ತು, ಕವರಿಗೆ ತುಂಬಿ, ಕೆಳಗಿನ ವಾಚ್‌ಮನ್ನನ ಹೆಂಡತಿಗೆ ಕೊಟ್ಟುಬಿಟ್ಟೆ. ಅಷ್ಟು ಜಾಣೆ ನಾನು. ಆ ಜಾಣತನ ಎಲ್ಲಿ ಮುಗ್ಗರಿಸಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾವ ಎಂದರೆ ಮಹಾಲಿಂಗಪ್ಪನವರು. ಎಪ್ಪತ್ತೆರಡು ವರ್ಷ, ತಿಪಟೂರಿನ ಕಡೆಯವರು. ಹತ್ತೊಂಬತ್ತರ ವಯಸ್ಸಿನಲ್ಲಿ ಸೋದರಮಾವನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆಂದು ಮದರಾಸಿಗೆ ಬಂದರು. ಮಂಡಿಯಲ್ಲಿದ್ದ ವಾಲ್ವ್ ರೇಡಿಯೋ ಒಂದು ದಿನ ಬಾಯಿ ಮುಚ್ಚಿತು. ಅದನ್ನು ಬಿಚ್ಚಿ ಕೂತವರು ಮತ್ತೆ ಕೊಬ್ಬರಿಯ ಕಡೆ ತಿರುಗಿ ನೋಡಲಿಲ್ಲ. ರಿಚಿ ಸ್ಟ್ರೀಟಿನಲ್ಲಿ ಇಬ್ಬರು ನಿಂತರೆ ಮೂರನೆಯವರು ರಸ್ತೆಗಿಳಿಯಬೇಕಾದ ಅಂಗಡಿಯಲ್ಲಿ ರೇಡಿಯೋ, ಆಂಪ್ಲಿಫೈಯರ್, ಲೌಡ್‌ಸ್ಪೀಕರ್ ರಿಪೇರಿ ಮಾಡುತ್ತ ನಲವತ್ತು ವರ್ಷ ಕಳೆದರು. ಮಗನನ್ನು ಓದಿಸಿದರು, ಕೀಲ್ಪಾಕಿನಲ್ಲಿ ಮೂರನೇ ಮಹಡಿಯ ಈ ಫ್ಲಾಟು ಕೊಂಡರು. ಅಂಗಡಿ ಮುಚ್ಚಿ ಆರು ವರ್ಷವಾಯಿತು. ಆದರೆ ಬಾಲ್ಕನಿಗೆ ಅಂಟಿದ ಸಣ್ಣ ಕೋಣೆಯಲ್ಲಿ ಅವರದೊಂದು ಹ್ಯಾಮ್ ರೇಡಿಯೋ ಸೆಟ್ಟಿದೆ, ತಾರಸಿಯ ಮೇಲೆ ಅದರ ಆಂಟೆನಾ ಇದೆ.

ಹ್ಯಾಮ್ ರೇಡಿಯೋ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿಗಳು ತಂತಮ್ಮ ಮನೆಯಿಂದಲೇ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ. ಫೋನಿದೆಯಲ್ಲ ಎಂದು ಮಾತ್ರ ಕೇಳಬೇಡಿ. ಮದುವೆಯಾಗಿ ಮೈಸೂರಿನಿಂದ ಬಂದ ಮೊದಲ ವಾರವೇ ನಾನು ಕೇಳಿದ್ದೆ. ಮುಕ್ಕಾಲು ಗಂಟೆ ಉತ್ತರ ಕೇಳಿಸಿಕೊಂಡೆ.

ದಿನಾ ಬೆಳಗ್ಗೆ ಏಳಕ್ಕೆ ಕನ್ನಡದವರ ಕೂಟ. ಉಡುಪಿ, ಶಿರಸಿ, ಬಳ್ಳಾರಿ ಎಂದು ಇಪ್ಪತ್ತು ಮೂವತ್ತು ಜನ ಸೇರುತ್ತಾರೆ, ಹಾಜರಿ ಕರೆಯುವವರು ನಮ್ಮ ಮಾವ. ಮೊದಲ ಹಾಜರಿ ಯಾವತ್ತೂ ಉಡುಪಿಯ ಮಧ್ವರಾಜರದು. ಮೂವತ್ತೊಂದು ವರ್ಷದಿಂದ ಇಬ್ಬರೂ ದಿನಾ ಮಾತಾಡಿದ್ದಾರೆ, ಮುಖ ನೋಡಿಕೊಂಡಿದ್ದು ಎರಡೇ ಸಲ. ಈ ಊರಲ್ಲಿ ಮಾವನ ದಿನವೆಲ್ಲ ತಮಿಳಿನಲ್ಲೇ ಕಳೆಯುತ್ತದೆ. ಮೊಮ್ಮಗಳು ತೇಜು ಕೂಡ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಹೆಂಡತಿಯ ಜತೆ ಕನ್ನಡವೇ, ಆದರೆ ಅದು ಸಾಮಾನಿನ ಚೀಟಿಗಿಂತ ಉದ್ದವಾಗುವುದು ಕಡಿಮೆ. ಮನಸ್ಸು ಬಿಚ್ಚಿ ಕನ್ನಡ ಆಡುವುದು ಆ ಅರ್ಧ ಗಂಟೆ. ಅತ್ತೆ ಬಸವಣ್ಣೆಮ್ಮನವರು ಆ ಸೆಟ್ಟಿಗೆ ಇಟ್ಟ ಹೆಸರು ಸವತಿ. ಕಾಫಿ ಲೋಟವನ್ನು ಆ ಕೋಣೆಯ ಹೊಸಿಲ ಹೊರಗೇ ಇಟ್ಟು ಬರುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ.

ಕಳೆದ ಮಾರ್ಚಿನಲ್ಲಿ ಒಂದು ಬೆಳಗ್ಗೆ ಮಾವ ಸೊಪ್ಪು ಮಾರುವ ಕೀರೆಕಾರಮ್ಮನ ಬುಟ್ಟಿಯ ಮುಂದೆ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಹೃದಯ ನಿಮಿಷಕ್ಕೆ ಮೂವತ್ತೆಂಟು ಸಲ ಬಡಿಯುತ್ತಿತ್ತು. ಎರಡು ದಿನದಲ್ಲಿ ಎಡ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಬಡಿತ ತಪ್ಪದಂತೆ ಕಾಯುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪೇಸ್‌ಮೇಕರ್ ಕೂತಿತು. ಅದಕ್ಕೆ ಎಷ್ಟು ವೋಲ್ಟಿನ ಬ್ಯಾಟರಿ ಎಂದು ಮಾವ ಡಾಕ್ಟರನ್ನು ವಿಚಾರಿಸಿದರು. ಅದು ತನ್ನ ವರದಿಯನ್ನು ಗಾಳಿಯಲ್ಲೇ ಆಸ್ಪತ್ರೆಗೆ ಕಳುಹಿಸುತ್ತದೆಂದು ತಿಳಿದಾಗಲಂತೂ ಮುಖ ಅರಳಿತು. ಮನೆಯದೊಂದು, ಮೈಯೊಳಗಿನದೊಂದು, ಈಗ ನನಗೆ ಎರಡು ಟ್ರಾನ್ಸ್‌ಮಿಟರ್ ಆಯಿತು, ಎರಡನೆಯದಕ್ಕೆ ಲೈಸೆನ್ಸ್ ಕೊಟ್ಟವರು ಯಾರು ಎಂದು ಡಾಕ್ಟರನ್ನೇ ಕೇಳಿದರು.

ಅತ್ತೆಯ ಚಿಂತೆ ಬೇರೆ. ನಮ್ಮಲ್ಲಿ ಇಷ್ಟಲಿಂಗ ಮೈ ಬಿಟ್ಟಿರಬಾರದು. ಮಾವನ ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ; ಅರವತ್ತು ವರ್ಷದಿಂದ ಸ್ನಾನದಲ್ಲೂ ನಿದ್ದೆಯಲ್ಲೂ ಜತೆಗಿರುವುದು. ಆಪರೇಷನ್ನಿಗೆ ಹೋಗುವಾಗ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಬಲ ಮುಂಗೈಗೆ ಕಟ್ಟಲು ಡಾಕ್ಟರು ಒಪ್ಪಿದರು. ಹತ್ತು ದಿನ ಅದು ಅಲ್ಲೇ ಇತ್ತು. ಹೊಲಿಗೆ ಒಣಗಿದ ಮೇಲೆ ಅತ್ತೆ ಹಟ ಹಿಡಿದರು, ಲಿಂಗ ಎದೆಯ ಮೇಲೆಯೇ ಇರಬೇಕು. ಬೆಳ್ಳಿಯ ಕರಡಿಗೆ ಭಾರ, ಗಾಯಕ್ಕೆ ಉಜ್ಜುತ್ತದೆ. ಅಲ್ಲದೆ ಅದನ್ನು ತಿರುಪಿ ತೆಗೆಯಲು ಎರಡು ಕೈ ಬೇಕು. ಎಡ ತೋಳನ್ನು ಭುಜಕ್ಕಿಂತ ಮೇಲೆತ್ತಬೇಡಿ ಎಂದಷ್ಟೇ ಡಾಕ್ಟರು ಹೇಳಿದ್ದು. ಮಾವ ಆ ತೋಳನ್ನು ಮೈಗೆ ಅಂಟಿಸಿಕೊಂಡೇ ಇದ್ದರು, ಪೂಜೆಗೆ ಅಂಗೈ ಚಾಚುವುದೊಂದನ್ನು ಬಿಟ್ಟು.

ಆಗ ನನ್ನ ಬುದ್ಧಿ ಓಡಿತು. ನನ್ನ ಆಫೀಸು ನುಂಗಂಬಾಕ್ಕಂನಲ್ಲಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೂರು ಅಂಗಡಿ ಹತ್ತಿಳಿದು ಮರೂನ್ ಬಣ್ಣದ ಒಂದು ರೇಷ್ಮೆಯ ಚೀಲ ತಂದೆ. ಅಂಗೈ ಅಗಲದ್ದು, ಹಗುರ. ಮುಚ್ಚಳಕ್ಕೆ ಬೆರಳು ತಾಗಿಸಿದರೆ ತೆರೆಯುತ್ತದೆ, ಬಿಟ್ಟರೆ ಟಕ್ಕೆಂದು ತಾನೇ ಮುಚ್ಚಿಕೊಳ್ಳುತ್ತದೆ. ಒಂದೇ ಕೈ ಸಾಕು. ಅತ್ತೆ ಅದನ್ನು ನಾಲ್ಕು ಸಲ ತೆರೆದು ಮುಚ್ಚಿ ನೋಡಿದರು. ಲಿಂಗ ಹೃದಯದ ಮಟ್ಟಕ್ಕೆ ಬರಲೆಂದು ಶಿವದಾರವನ್ನು ನಾಲ್ಕು ಬೆರಳು ಮೋಟು ಮಾಡಿ ಕಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, ಪರವಾಗಿಲ್ಲ, ಬುದ್ಧಿವಂತೆ ಎಂದರು. ಮದುವೆಯಾಗಿ ಹನ್ನೊಂದು ವರ್ಷ, ಅತ್ತೆಯ ಬಾಯಿಂದ ಆ ಪದ ಬಿದ್ದದ್ದು ಅದೇ ಮೊದಲು. ಆ ದಿನವೆಲ್ಲ ನಾನು ನೆಲದ ಮೇಲೆ ಇರಲಿಲ್ಲ.

ಮರುದಿನವೇ ಮಾವ ಹೊಸ ಚೀಲ ಧರಿಸಿ ಏಳಕ್ಕೆ ರೇಡಿಯೋದ ಮುಂದೆ ಕೂತರು. ಎಡಕ್ಕೆ ಒರಗಿ ತಿರುಪು ತಿರುಗಿಸಿದರು, ಹಾಜರಿ ಶುರುವಾಯಿತು. ಐದು ನಿಮಿಷದಲ್ಲಿ ಎದೆ ಡವಡವ. ಎದೆಯೊಳಗೆ ಬೇರೆ ಯಾರೋ ತಾಳ ಹಾಕುತ್ತಿದ್ದಾರೆ ಎಂದರು. ಅತ್ತೆ ಸೀದಾ ಹೋಗಿ ಪ್ಲಗ್ಗು ಕಿತ್ತರು. ನಲವತ್ತು ವರ್ಷದ ಜಗಳಕ್ಕೆ ಈಗ ಸಾಕ್ಷಿ ಸಿಕ್ಕಿತ್ತು.

ರೇಡಿಯೋ ನಿಂತಿತು, ಡವಡವ ನಿಲ್ಲಲಿಲ್ಲ. ಮಧ್ಯಾಹ್ನ ಒರಗು ಕುರ್ಚಿಯಲ್ಲಿ ಕೂತಾಗ ಬಂತು, ಹಾಸಿಗೆಯಲ್ಲಿ ಎಡಕ್ಕೆ ಹೊರಳಿದಾಗ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಮನೆಯ ಒಂದೊಂದು ಸಾಮಾನಿಗೂ ಶಿಕ್ಷೆಯಾಗತೊಡಗಿತು. ಮೊದಲು ವೈಫೈ ಡಬ್ಬಿ ಅಡುಗೆಮನೆಯ ಅಟ್ಟಕ್ಕೆ ಹೋಯಿತು. ಆಮೇಲೆ ಇಂಡಕ್ಷನ್ ಒಲೆ ಪಕ್ಕದ ಮನೆಗೆ. ಮಾವ ವಾಕಿಂಗ್ ಹೋದಾಗ ಮಾತ್ರ ಮಿಕ್ಸಿ ತಿರುಗಿಸಬೇಕು, ಹಾಗಾಗಿ ಆ ತಿಂಗಳು ಚಟ್ನಿಗೂ ವಾಕಿಂಗಿಗೂ ಒಂದೇ ವೇಳೆ. ಮೊಬೈಲ್ ಆರು ಇಂಚು ದೂರವಿರಬೇಕೆಂದು ಆಸ್ಪತ್ರೆಯ ಪುಸ್ತಕದಲ್ಲಿತ್ತು. ಅದನ್ನು ಜಾರಿಗೆ ತರುವ ಅಧಿಕಾರ ತೇಜುವಿನದು. ಸ್ಕೂಲಿನ ಸ್ಕೇಲು ಹಿಡಿದು ತಾತನ ಎದೆಗೂ ಫೋನಿಗೂ ನಡುವೆ ಅಳತೆ ಮಾಡುತ್ತ, "ತಾತಾ, ತಳ್ಳಿ ವೈಯುಂಗ" ಎಂದು ದೂರ ಇಡಿಸುತ್ತಿದ್ದಳು. ಇದನ್ನೆಲ್ಲ ಬರೆದು ಫ್ರಿಡ್ಜಿಗೆ ಅಂಟಿಸಿದವಳು ನಾನು. ನಾಲ್ಕನೆಯ ಸಾಲು: ಆಯಸ್ಕಾಂತದಿಂದ ದೂರ. ಆಯಸ್ಕಾಂತವೆಂದರೆ ಲೌಡ್‌ಸ್ಪೀಕರಿನ ಬೆನ್ನಿಗಿರುವ ಬಳೆಯಂಥದ್ದು ಎಂದುಕೊಂಡು, ಮಾವನ ಹಳೆಯ ಸ್ಪೀಕರುಗಳನ್ನು ಲಿಫ್ಟಿನಲ್ಲಿ ಕೆಳಗಿಳಿಸಿ ಕಾರ್ ಶೆಡ್ಡಿಗೆ ಸಾಗಿಸಿದೆ.

ಆಸ್ಪತ್ರೆಗೂ ಹೋದೆವು. ಪೇಸ್‌ಮೇಕರ್ ಪರೀಕ್ಷಿಸುವ ಟೆಕ್ನೀಷಿಯನ್ ಅಂಗಿ ತೆಗೆಸಿದ. ಕೊರಳಲ್ಲಿರುವುದನ್ನೂ ತೆಗೆಯಿರಿ ಎಂದಾಗ ಮಾವ ಚೀಲವನ್ನು ಬಲ ಮುಷ್ಟಿಯಲ್ಲಿ ಹಿಡಿದು ಮಲಗಿದರು. ಎಲ್ಲ ಸರಿಯಾಗಿತ್ತು. ರೇಡಿಯೋ ಬಗ್ಗೆ ಕೇಳಿದರೆ ಅವನು ಸಮಾಧಾನವಾಗಿ ವಿವರಿಸಿದ: ಆಂಟೆನಾ ತಾರಸಿಯ ಮೇಲಿದೆ, ಇವರು ಕೆಳಗಿದ್ದಾರೆ, ತೊಂದರೆಯಿಲ್ಲ, ಕೈಯಲ್ಲಿ ಹಿಡಿಯುವ ವಾಕಿಟಾಕಿಯನ್ನು ಮಾತ್ರ ಅಂಗಿಯ ಜೇಬಿಗೆ ಹಾಕಬಾರದು. ಮಿಕ್ಸಿ ಎದೆಗೆ ಅಪ್ಪಿಕೊಂಡರಷ್ಟೇ ಕಷ್ಟ ಎಂದು ನಕ್ಕ. ಅತ್ತೆ ನಗಲಿಲ್ಲ. ಅವನಿಗೆ ಮೀಸೆ ಕೂಡ ಸರಿಯಾಗಿ ಬಂದಿಲ್ಲ ಎಂದರು ಆಟೋದಲ್ಲಿ.

ಒಂದು ವಿಚಿತ್ರ ಮಾತ್ರ ಎಲ್ಲರ ಕಣ್ಣಿಗೂ ಬಿದ್ದಿತ್ತು. ಬೆಳಗಿನ ಲಿಂಗಪೂಜೆಯ ಅರ್ಧ ಗಂಟೆ ಡವಡವ ಬರುತ್ತಿರಲಿಲ್ಲ. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಚೀಲವನ್ನು ಮಣೆಯ ಪಕ್ಕಕ್ಕಿಟ್ಟು, ವಿಭೂತಿ ಪತ್ರೆ ಏರಿಸುವಷ್ಟು ಹೊತ್ತು ಹೃದಯ ಅಂಗಡಿಯ ಗಡಿಯಾರದ ಹಾಗೆ ನಡೆಯುತ್ತಿತ್ತು. ಶಿವನ ಕೃಪೆ ಎಂದರು ಅತ್ತೆ. ನಾನೂ ಹೌದೆಂದೆ. ಶಿವ ನಮಗೆ ಏನನ್ನೋ ತೋರಿಸುತ್ತಿದ್ದ, ನಾವು ಕೈಮುಗಿದು ಕಣ್ಣು ಮುಚ್ಚಿಕೊಂಡಿದ್ದೆವು.

ಮೂರನೆಯ ವಾರದ ಹೊತ್ತಿಗೆ ಮಾವ ಬದಲಾದರು. ಎದೆಯ ಸುದ್ದಿ ಹೇಳುವುದನ್ನೇ ಬಿಟ್ಟರು. ಏಳು ಗಂಟೆಗೆ ಆ ಕೋಣೆಗೆ ಹೋಗಿ ಬಾಯಿ ಕಟ್ಟಿದ ಸೆಟ್ಟಿನ ಮುಂದೆ ಸುಮ್ಮನೆ ಕೂತು ಬರುತ್ತಿದ್ದರು. ಸೆಟ್ಟು ಮನೆ ಬಿಟ್ಟರೇ ಕಾಯಿಲೆ ಮನೆ ಬಿಡುವುದು ಎಂಬುದು ಅತ್ತೆಯ ತೀರ್ಮಾನ. ನನ್ನ ಗಂಡ ರವಿಕಿರಣ್ ಅಮ್ಮನ ಮಾತಿಗೂ ಅಪ್ಪನ ಮೌನಕ್ಕೂ ನಡುವೆ ಸಿಕ್ಕಿ ಆಫೀಸಿಗೆ ಅರ್ಧ ಗಂಟೆ ಮೊದಲೇ ಹೊರಡತೊಡಗಿದ್ದರು. ಕೊನೆಗೆ ಒಂದು ಸಂಜೆ ಮಾವ ತಾವಾಗಿಯೇ ಹೇಳಿದರು.

"ಮನೇಲಿಟ್ಕೊಂಡು ಮುಟ್ಟದೇ ಇರಾಕೆ ನನ್ನ ಕೈಲಾಗಲ್ಲ ಕಣವ್ವ. ಜಯರಾಮಂಗೆ ಕೊಟ್ಬಿಡ್ತೀನಿ."

ಜಯರಾಮ ಇದೇ ಊರಿನ ಮಾಧವರಂ ಬಡಾವಣೆಯವರು, ಇವರ ಹ್ಯಾಮ್ ಬಳಗದಲ್ಲಿ ಚಿಕ್ಕವರು. ಭಾನುವಾರ ಹತ್ತು ಗಂಟೆಗೆ ಕಾರು ತಂದು ಸೆಟ್ಟನ್ನೂ ಆಂಟೆನಾವನ್ನೂ ಒಯ್ಯುವುದೆಂದಾಯಿತು. ಮಾವ ಮಧ್ವರಾಜರಿಗೆ ಫೋನಿನಲ್ಲಿ ವಿಷಯ ತಿಳಿಸಿದರು. ಅವರು ಉಡುಪಿಯಲ್ಲಿ ಸೆಕೆ ಜಾಸ್ತಿ ಎಂದರಂತೆ, ಇವರು ಇಲ್ಲೂ ಜಾಸ್ತಿ ಎಂದರಂತೆ. ಆ ರಾತ್ರಿ ಮಾವ ಊಟ ಮಾಡಲಿಲ್ಲ. ಪೇಸ್‌ಮೇಕರ್ ಹಾಕಿಸಿದ್ದು ಈ ಮನುಷ್ಯ ಬದುಕಲೆಂದು; ನಾವು ಅವರನ್ನು ಒಂದು ಕುರ್ಚಿಯ ಮೇಲೆ ಕೂರಿಸಿ ಕಾಯುತ್ತಿದ್ದೆವು.

ಭಾನುವಾರ ಒಂಬತ್ತಕ್ಕೆ ಮಾವ ಸೆಟ್ಟಿನ ಮೇಲ್ಮುಚ್ಚಳ ಬಿಚ್ಚಿ ಕೂತಿದ್ದರು. ಧೂಳು ತೆಗೆಯದೆ ಸೆಟ್ಟನ್ನು ಯಾರಿಗೂ ಕೊಡಬಾರದೆಂಬುದು ಅಂಗಡಿಯ ಕಾಲದ ನಿಯಮ. ಬಲಗೈಯಲ್ಲೇ ಬ್ರಶ್ ಆಡಿಸುತ್ತ, ಸೆಟ್ಟಿನ ಮೇಲೆ ಬಾಗಿ, ಮೂಲೆಮೂಲೆ ಗುಡಿಸಿದರು. ಮುಚ್ಚಳ ಮತ್ತೆ ಹಾಕುವಾಗ ನಾಲ್ಕು ಸ್ಕ್ರೂಗಳಲ್ಲಿ ಒಂದು ಇಲ್ಲ. ನನ್ನನ್ನು ಕೂಗಿ ಕರೆದರು. ಮೂರು ಸ್ಕ್ರೂವಿನ ಸೆಟ್ಟು ಕೈದಾಟಿಸಿದೆ ಎಂಬ ಅಪವಾದ ಈ ವಯಸ್ಸಿನಲ್ಲಿ ಬೇಡ ಎಂದರು. ನಾನು ಮೇಜಿನಡಿ ನುಸುಳಿದೆ, ಚಾಪೆ ಕೊಡವಿದೆ, ಫೋನಿನ ಟಾರ್ಚ್ ಬಿಟ್ಟು ನೆಲವೆಲ್ಲ ತಡಕಿದೆ. ಮಾವ ಕುರ್ಚಿಯಲ್ಲಿ ಕೂತೇ ನೆಲ ನೋಡುತ್ತಿದ್ದರು. ಸೋತು ತಲೆಯೆತ್ತಿದರೆ ಸ್ಕ್ರೂ ನನ್ನ ಮೂಗಿನ ಮುಂದೆಯೇ ಇತ್ತು. ಮಾವನ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ್ದವು, ಎಡಕ್ಕೆ ಸರಿದಿದ್ದ ಮರೂನ್ ಚೀಲ ಹೊರಗೆ ಇಣುಕಿತ್ತು, ಅದರ ಮುಚ್ಚಳಕ್ಕೆ ಸ್ಕ್ರೂ ನೆಟ್ಟಗೆ ಅಂಟಿಕೊಂಡು ನಿಂತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ, ಹಾಗಾಯಿತು ನನ್ನ ಕಥೆ.

ಕೀಳಲು ಬೆರಳು ಚಾಚಿದೆ. ಬಂತು, ಕೈ ಸಡಿಲಿಸಿದರೆ ಮತ್ತೆ ಹಾರಿ ಹೋಗಿ ಅಲ್ಲೇ ಕೂತಿತು. ಟಕ್. ಆ ಸದ್ದು ನನಗೆ ಗೊತ್ತಿತ್ತು, ಚೀಲದ ಮುಚ್ಚಳದ್ದು. ಬೆರಳು ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಮುಚ್ಚಳ ಹೇಗೆ ಮುಚ್ಚಿಕೊಳ್ಳುತ್ತದೆಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ. ಫ್ರಿಡ್ಜಿನ ಗಿಳಿಯನ್ನು ಓಡಿಸಿ, ಅದಕ್ಕಿಂತ ಜೋರಾದ ಆಯಸ್ಕಾಂತವನ್ನು ಮಾವನ ಎದೆಗೆ ನಾನೇ ಕಟ್ಟಿದ್ದೆ. ಮಾವ ಎಡಕ್ಕೆ ವಾಲಿದಾಗಲೆಲ್ಲ ಅದು ಪೇಸ್‌ಮೇಕರಿನ ಮೇಲೇ ಸರಿದು ಕೂರುತ್ತಿತ್ತು.

ನಿಜ ಹೇಳುತ್ತೇನೆ, ಒಂದು ನಿಮಿಷ ನನಗೆ ಕೆಟ್ಟ ಯೋಚನೆ ಬಂತು. ಮಾವ ನೋಡಿಲ್ಲ. ಸ್ಕ್ರೂ ಕೈಗೆ ಕೊಟ್ಟು, ಚೀಲ ಕೊಳೆಯಾಗಿದೆ ಎಂದು ಹೇಳಿ ಬೇರೊಂದು ತಂದರೆ ಮುಗಿಯಿತು. ಡವಡವ ತಾನಾಗಿ ನಿಲ್ಲುತ್ತದೆ. ಸೆಟ್ಟು ಹೋದದ್ದಕ್ಕೇ ವಾಸಿಯಾಯಿತೆಂದು ಅತ್ತೆ ಊರಿಗೆಲ್ಲ ಸಾರುತ್ತಾರೆ. ನಾನು ಬುದ್ಧಿವಂತೆಯಾಗಿಯೇ ಉಳಿಯುತ್ತೇನೆ. ಅಷ್ಟರಲ್ಲಿ ಮಾವ ಬ್ರಶ್ಶಿನಿಂದ ಮೈಕಿನ ಮೇಲಿನ ಧೂಳನ್ನು ಮಗುವಿನ ಮುಖ ಒರೆಸುವಂತೆ ಒರೆಸುವುದು ಕಂಡಿತು. ನನ್ನ ಕೈಲಾಗಲಿಲ್ಲ.

"ಮಾವ, ಸ್ಕ್ರೂ ಸಿಕ್ತು. ನಿಮ್ಮ ಎದೆ ಮೇಲೈತೆ. ನಾನು ತಂದ ಚೀಲದಲ್ಲಿ ಮ್ಯಾಗ್ನೆಟ್ ಐತೆ."

ಮಾವ ತಲೆ ಬಗ್ಗಿಸಿ ನೋಡಿಕೊಂಡರು. ಬೈಯುತ್ತಾರೆಂದು ಕಾದೆ. ಅವರ ಕಣ್ಣು ಮಿನುಗಿತು. ಆ ಮಿನುಗು ನನಗೆ ಗೊತ್ತು. ತಿಂಗಳಿಂದ ಕೈಕೊಟ್ಟ ಸೆಟ್ಟಿನಲ್ಲಿ ದೋಷ ಸಿಕ್ಕಾಗ ಬರುವಂಥದ್ದು. ಚೀಲದಿಂದ ಲಿಂಗವನ್ನು ತೆಗೆದು ಬಲ ಮುಷ್ಟಿಯಲ್ಲಿ ಹಿಡಿದರು. ಚೀಲವನ್ನು ಕಿಟಕಿಯ ಮೇಲಿಡಲು ಹೇಳಿದರು. ನನಗೆ ನಾಡಿ ಹಿಡಿಯಲು ಹೇಳಿ, ತಾವು ಗೋಡೆಯ ಗಡಿಯಾರ ನೋಡುತ್ತ ಕೂತರು. ನಿಮಿಷಕ್ಕೆ ಅರವತ್ತೆರಡು. ಚೀಲ ತಂದು ಎಡ ಎದೆಯ ಹತ್ತಿರ ಹಿಡಿಯಲು ಹೇಳಿದರು. ನಾನು ಒಲ್ಲೆನೆಂದೆ. ಅವರೇ ಕಸಿದುಕೊಂಡು ಹಿಡಿದರು. ಎಂಬತ್ತೈದು, ಒಂದೇ ಸಮನೆ. ದೂರ ಇಟ್ಟರೆ ಮತ್ತೆ ಅರವತ್ತೆರಡು. ಇನ್ನೊಮ್ಮೆ ನೋಡೋಣವೆಂದಾಗ ನಾನು ಚೀಲವನ್ನು ತೆಗೆದುಕೊಂಡು ಓಡಿದೆ.

ಓಡಿದ್ದು ಅಡುಗೆಮನೆಗೆ, ಅತ್ತೆಯ ಮುಂದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅತ್ತೆ ಒಲೆ ಸಣ್ಣ ಮಾಡಿದರು. ಚೀಲ ಇಸಿದುಕೊಂಡು ಸಾಸಿವೆ ಡಬ್ಬಿಯ ಮುಚ್ಚಳಕ್ಕೆ ಹಿಡಿದರು, ಅದು ಟಕ್ಕೆಂದು ಅಂಟಿತು. ಬಿಡಿಸಿದರು, ಮತ್ತೆ ಹಿಡಿದರು.

"ದಾರ ಮೋಟು ಮಾಡಿ ಅಲ್ಲೀಗಂಟ ಏರ್ಸಿದ್ದು ನಾನು ಕಣೆ," ಎಂದರು ಅತ್ತೆ. "ತಿಂಗ್ಳಿಂದ ಆ ಸವತೀನ ಬೈದ್ಕೊಂಡು ಓಡಾಡ್ದೆ."

ಹತ್ತಕ್ಕೆ ಜಯರಾಮ ಹಗ್ಗ, ಗೋಣಿಚೀಲ ಸಮೇತ ಬಂದರು. ವಿಷಯ ಕೇಳಿ ಅವರಿಗೆ ಖುಷಿಯೋ ಬೇಸರವೋ ಅವರಿಗೇ ತಿಳಿಯಲಿಲ್ಲ. ಅತ್ತೆ ಮೂರು ಸಲ ಉಪ್ಪಿಟ್ಟು ಬಡಿಸಿ, ಖಾಲಿ ಗೋಣಿಚೀಲದಲ್ಲಿ ಒಂದು ಹಲಸಿನ ಹಣ್ಣು ಹಾಕಿ ಕಳಿಸಿದರು. ಸೋಮವಾರ ಮಾವನನ್ನು ಆಸ್ಪತ್ರೆಗೆ ಕರೆದೊಯ್ದೆ. ಮೀಸೆ ಸರಿಯಾಗಿ ಬರದ ಆ ಟೆಕ್ನೀಷಿಯನ್ ಚೀಲ ನೋಡಿ, ಮೇಜಿನ ಖಾನೆಯಿಂದ ತನ್ನದೇ ಒಂದು ಆಯಸ್ಕಾಂತ ತೆಗೆದು ತೋರಿಸಿದ. ಪರೀಕ್ಷೆಗೆ ಬೇಕೆಂದಾಗ ಇದನ್ನು ನಾವೇ ಎದೆಯ ಮೇಲಿಡುತ್ತೇವೆ, ಆಗ ಪೇಸ್‌ಮೇಕರ್ ಹೃದಯದ ಮಾತು ಕೇಳುವುದನ್ನು ಬಿಟ್ಟು ತನ್ನದೇ ಲೆಕ್ಕದಲ್ಲಿ ಬಡಿಯುತ್ತದೆ, ದೂರ ಸರಿಸಿದರೆ ಸರಿಹೋಗುತ್ತದೆ ಎಂದ. ಯಂತ್ರವನ್ನು ಪೂರ್ತಿ ಪರೀಕ್ಷಿಸಿ, ಏನೂ ಕೆಟ್ಟಿಲ್ಲ ಎಂದು ಹೇಳಿದ. ಮನೆಯಲ್ಲಿ ಇಂಥ ಪ್ರಯೋಗ ಮಾತ್ರ ಮಾಡಬೇಡಿ ಎಂದಾಗ ಮಾವ ಸೀಲಿಂಗ್ ಫ್ಯಾನ್ ನೋಡುತ್ತಿದ್ದರು.

ಮಂಗಳವಾರ ಬೆಳಗ್ಗೆ ಏಳಕ್ಕೆ ಸೆಟ್ಟು ಬಾಯಿ ಬಿಟ್ಟಿತು. ನಾನು ಕೋಣೆಯ ಹೊರಗೆ ಬಟ್ಟೆ ಮಡಿಸುವ ನೆಪದಲ್ಲಿ ನಿಂತಿದ್ದೆ. ಮಧ್ವರಾಜರ ದನಿ ಕರಕರ ಸದ್ದಿನ ನಡುವೆ ಬಂತು. ಇಷ್ಟು ದಿನವೂ ತಾವು ಮೊದಲು ಮಾವನ ಹೆಸರು ಕರೆದೇ ಕೂಟ ಶುರು ಮಾಡುತ್ತಿದ್ದುದಾಗಿ ಹೇಳಿದರು. ಆಮೇಲೆ, ತೊಂದರೆ ಎಲ್ಲಿತ್ತು ಮಹಾಲಿಂಗಪ್ಪನವರೇ ಎಂದು ಕೇಳಿದರು. ಕರ್ನಾಟಕದ ಮೂವತ್ತು ಜನ ಕಿವಿ ತೆರೆದು ಕೂತಿದ್ದರು. ಸೊಸೆ ಮಾವನ ಎದೆಗೆ ಆಯಸ್ಕಾಂತ ಕಟ್ಟಿದ ಕಥೆ ಇನ್ನು ಶಿರಸಿಯಿಂದ ಬಳ್ಳಾರಿಯವರೆಗೆ ಹಬ್ಬುತ್ತದೆ ಎಂದು ನಾನು ಕಿವಿ ಮುಚ್ಚಿಕೊಳ್ಳುವುದರಲ್ಲಿದ್ದೆ.

ಮಾವ ಮೈಕಿನ ಗುಂಡಿ ಒತ್ತಿದರು. "ತಪ್ಪು ನಂದೇ. ನಲವತ್ತು ವರ್ಸ ಸ್ಪೀಕರ್ ಬಿಚ್ಚಿದೋನು, ಎದೆ ಮೇಲಿನ ಮ್ಯಾಗ್ನೆಟ್ ಕಾಣ್ಲಿಲ್ಲ. ಫಾಲ್ಟ್ ಹಿಡ್ದಿದ್ದು ನಮ್ ಸೊಸೆ."

ಮಡಿಸಿದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅತ್ತೆ ಕಾಫಿ ಲೋಟ ಹಿಡಿದು ನನ್ನನ್ನು ದಾಟಿ, ಹೊಸಿಲು ದಾಟಿ, ಒಳಗೆ ಹೋಗಿ ಮೇಜಿನ ಮೇಲಿಟ್ಟರು. ಅಲ್ಲೇ ಸ್ಟೂಲು ಎಳೆದುಕೊಂಡು ಕೂತರು.

ಈಗ ಮಾವನ ಕೊರಳಲ್ಲಿ ಅತ್ತೆ ಕೈಯಾರೆ ಹೊಲಿದ ಹತ್ತಿಯ ಚೀಲವಿದೆ, ಅವರ ಹಳೆಯ ಇಳಕಲ್ ಸೀರೆಯ ಅಂಚಿನದು. ಮುಚ್ಚಳಕ್ಕೆ ಒಂದು ಬಟ್ಟೆಯ ಗುಂಡಿ, ಕಾಜಾ ಬಿಗಿ. ಶಿವದಾರ ಮತ್ತೆ ಮೊದಲಿನಷ್ಟೇ ಉದ್ದವಾಗಿದೆ. ಮಿಕ್ಸಿ ಇಷ್ಟ ಬಂದಾಗ ತಿರುಗುತ್ತದೆ, ಇಂಡಕ್ಷನ್ ಒಲೆ ವಾಪಸು ಬಂದಿದೆ, ತೇಜುವಿನ ಸ್ಕೇಲು ಮಾತ್ರ ಇನ್ನೂ ಅಧಿಕಾರದಲ್ಲಿದೆ. ಮಾವನ ಎಡ ತೋಳು ಪೂರ್ತಿ ಸರಿಹೋಗಿ ತಿಂಗಳುಗಳೇ ಆದವು. ಮೊನ್ನೆ ಎರಡೂ ಕೈ ಎತ್ತಿ ತಾರಸಿಯ ಮೇಲೆ ಆಂಟೆನಾದ ತಂತಿ ಬಿಗಿದು ಬಂದರು. ಆದರೂ ಬೆಳಗ್ಗೆ ಆರು ಗಂಟೆಗೆ, ಪೂಜೆಗೆ ಕೂರುವ ಮೊದಲು, ಪೂಜೆಯ ಕೋಣೆಯಿಂದ ದಿನಾ ನನ್ನನ್ನು ಕೂಗುತ್ತಾರೆ. ಗುಂಡಿ ಬಿಗಿಯಾಗಿದೆಯಂತೆ, ತಮ್ಮ ಒಂದು ಕೈಯಲ್ಲಿ ಆಗುವುದಿಲ್ಲವಂತೆ. ನಾನು ಹೋಗಿ ಬಿಚ್ಚಿಕೊಟ್ಟು ಬರುತ್ತೇನೆ.